ಕೆಲಸಕ್ಕೆ ಬಂದ ಎಂಜಿನ್

ದನದ ಡಾಕ್ಟರಮ್ಮ ಬಾಗಿಲು ಬಡಿದಾಗ ಅತ್ತಿಗೆ ಇನ್ನೂ ತಲೆ ಬಾಚಿರಲಿಲ್ಲ, ನಾನು ಹಲ್ಲುಜ್ಜಿರಲಿಲ್ಲ. ಅತ್ತಿಗೆ-ನಾದಿನಿ ಎಂದರೆ ಎಣ್ಣೆ-ಸೀಗೆಕಾಯಿ ಎನ್ನುತ್ತಾರೆ. ಹಾಗೆನ್ನುವವರು ನಮ್ಮಿಬ್ಬರನ್ನು ನೋಡಿಲ್ಲ. ನನ್ನ ಅತ್ತಿಗೆ ಹದಿನೆಂಟು ವರ್ಷದಿಂದ ಲೇತ್ ಅಂಗಡಿಯಲ್ಲಿ ಕಬ್ಬಿಣ ಅಳೆಯುವವಳು. ಬೀದಿಯ ಯಾವ ಸುಳ್ಳೂ ಅವಳ ಅಳತೆಯಿಂದ ತಪ್ಪಿಸಿಕೊಂಡಿರಲಿಲ್ಲ.

ಡಾಕ್ಟರಮ್ಮ ಕೂರಲೂ ಇಲ್ಲ. "ನನ್ನ ಡ್ರೈವರು ಇಪ್ಪತ್ತೆರಡು ವರ್ಷದಿಂದ ಜೊತೇಲಿದ್ದಾನೆ. ಇವತ್ತು ಸಂಜೆ ಅವನನ್ನ ಕೆಲಸದಿಂದ ತೆಗೀಬೇಕು. ಮನಸ್ಸೇ ಬರ್ತಿಲ್ಲ," ಎಂದರು.

ನಡೆದದ್ದು ಇಷ್ಟು. ಹಿಂದಿನ ದಿನ ಅವರ ಹಳೆಯ ವ್ಯಾನು ದಿಬ್ಬ ಹತ್ತುವಾಗ ಕಟಕಟ ಎಂದು ನಿಂತುಬಿಟ್ಟಿತ್ತು. ಎಂಜಿನ್ ಜಾಮ್. ಡ್ರೈವರು ಅಲ್ಲೇ ಎಣ್ಣೆ ನೋಡುವ ಅಳತೆಕಡ್ಡಿ ಎಳೆದು ತೋರಿಸಿದ್ದ. ಎಣ್ಣೆ ಮೇಲಿನ ಗೆರೆಯವರೆಗೂ ಇತ್ತು. ಬೆಳಿಗ್ಗೆ ನೋಡಿದಾಗಲೂ ಅಷ್ಟೇ ಇತ್ತೆಂದ. ಆದರೆ ಗ್ಯಾರೇಜಿನಲ್ಲಿ ಬಿಚ್ಚಿದರೆ ಬೇಕಾದ್ದರ ಅರ್ಧದಷ್ಟೂ ಎಣ್ಣೆಯಿರಲಿಲ್ಲ. ಸೋರಿದ ಗುರುತೂ ಇರಲಿಲ್ಲ.

"ಎಣ್ಣೆ ಕಮ್ಮಿಯಿದ್ರೂ ಓಡಿಸಿ, ಕೆಟ್ಟ ಮೇಲೆ ಕಡ್ಡಿಗೆ ಎಣ್ಣೆ ಸವರಿ ನನ್ನ ಕಣ್ಣಿಗೆ ಮಣ್ಣೆರಚಿದ್ದಾನೆ ಅಂತಾರೆ ಪಂಡಿತರು. ಎಂಜಿನ್ನಿನ ಮೈ, ಆ ಬ್ಲಾಕೇ ಸೀಳಿದೆಯಂತೆ, ಬೇರೆ ಎಂಜಿನ್ನೇ ಕೂರಿಸ್ಬೇಕಂತೆ," ಎಂದರು ಡಾಕ್ಟರಮ್ಮ.

ಪಂಡಿತ ಎಂದರೆ ಗ್ಯಾರೇಜಿನ ಯಜಮಾನ. ಸದ್ದು ಕೇಳಿಯೇ ಎಂಜಿನ್ನಿನ ರೋಗ ಹೇಳುತ್ತಾನೆಂದು ಊರು ಕೊಟ್ಟ ಬಿರುದು. ಹಿಂದಿನ ಶನಿವಾರ ವ್ಯಾನಿನ ಎಣ್ಣೆ ಬದಲಿಸಿದವನೂ ಅವನೇ.

"ಆ ಕಡ್ಡಿ ಎಲ್ಲಿದೆ?" ಎಂದಳು ಅತ್ತಿಗೆ.

"ನನ್ನ ಬ್ಯಾಗಲ್ಲೇ ಇದೆ. ಕೋಪದಲ್ಲಿ ಅವನ ಕೈಯಿಂದ ಕಿತ್ಕೊಂಡೆ. ಆಮೇಲೆ ಯಾರೂ ಮುಟ್ಟಿಲ್ಲ."

ಅತ್ತಿಗೆ ಸ್ಕೇಲು ಹಿಡಿದು ಅಳೆದಳು, "ಹೂಂ" ಎಂದಳು, ತಲೆ ಬಾಚಿಕೊಂಡಳು. ಮೂವರೂ ಗ್ಯಾರೇಜಿಗೆ ಹೊರಟೆವು.

ಹೊರಗೆ ಹಳೆಯ ಟೈರಿನ ಮೇಲೆ ಡ್ರೈವರು ತಲೆ ತಗ್ಗಿಸಿ ಕೂತಿದ್ದ. "ಎಣ್ಣೆ ಹಾಕಿದ್ಯೇನಣ್ಣ?" ಎಂದೆ.

"ದೇವರಾಣೆ ಇಲ್ಲಕ್ಕ! ಕುಡಿಯೋ ಚಟ ನನಗಿಲ್ಲ."

"ಅಯ್ಯೋ ಪುಣ್ಯಾತ್ಮ, ನಿನಗಲ್ಲ, ಎಂಜಿನ್ನಿಗೆ!"

"ಅದನ್ನ ಪಂಡಿತರೇ ಹಾಕಿದ್ದು. ನಾನು ದಿನಾ ನೋಡ್ತಿದ್ದೆ. ಒಂದು ಚೂರೂ ಇಳಿದಿರ್ಲಿಲ್ಲ," ಎಂದ. ಅವನ ಕಣ್ಣು ತುಂಬಿತ್ತು.

ಒಳಗೆ ಪಂಡಿತ ಮೂಲೆಯಲ್ಲಿದ್ದ ಇನ್ನೊಂದು ಎಂಜಿನ್ನಿನ ಬೆನ್ನು ತಟ್ಟಿದ. "ನಿಮ್ಮ ಅದೃಷ್ಟ ನೋಡಿ ಡಾಕ್ಟರಮ್ಮ! ಇವತ್ತು ಬೆಳಿಗ್ಗೆ ತಾನೇ ಲಾರಿಯಿಂದ ಇಳೀತು. ನಿಮ್ಮ ಕಂಪನೀದೇ, ಸ್ವಲ್ಪ ದೊಡ್ಡದು. ಸಂಜೆಗೆ ಕೂರಿಸಿಬಿಡ್ತೀನಿ."

"ನಿನ್ನೆ ಇಲ್ಲಿರ್ಲಿಲ್ವಾ?" ಎಂದಳು ಅತ್ತಿಗೆ.

"ಛೆ, ನಾನೇ ಕಂಡಿರ್ಲಿಲ್ಲ!"

ಅತ್ತಿಗೆ ವ್ಯಾನಿನ ಎಂಜಿನ್ನಿನತ್ತ ಹೋದಳು. ಬಿಚ್ಚಿಟ್ಟಿದ್ದ ಹಳೆಯ ಬ್ಲಾಕಿಗೆ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ ಕಾಲು ಗಂಟೆ ಅದನ್ನೇ ದಿಟ್ಟಿಸಿದಳು. ಆಮೇಲೆ ಮೂಲೆಯ ಎಂಜಿನ್ನಿನ ಅಳತೆಕಡ್ಡಿ ಎಳೆದು ಅದನ್ನೂ ಅಳೆದಳು. "ಡ್ರೈವರನ್ನ ಒಳಗೆ ಕರಿಯೇ," ಎಂದಳು ನನಗೆ.

ಕೆಲಸದ ಮೇಜಿನ ಸುತ್ತ ಎಲ್ಲರೂ ನಿಂತೆವು. ಅವಳು ಎರಡೂ ಕಡ್ಡಿಗಳನ್ನು ಪಕ್ಕಪಕ್ಕದಲ್ಲಿಟ್ಟಳು. ಹಿಡಿ ಒಂದೇ ತರ, ಆದರೆ ಒಂದು ಇನ್ನೊಂದಕ್ಕಿಂತ ಹೆಬ್ಬೆರಳಿನಷ್ಟು ಉದ್ದ.

"ಉದ್ದದ್ದು ವ್ಯಾನಿನಲ್ಲಿ ಸಿಕ್ಕಿದ್ದು. ಕಡ್ಡಿ ಮೇಲಿಂದ ಇಳಿಬಿದ್ದಿರುತ್ತೆ. ಉದ್ದ ಜಾಸ್ತಿಯಾದ್ರೆ ತಳದಲ್ಲಿರೋ ಚೂರು ಎಣ್ಣೆಗೂ ಅದ್ದಿಕೊಂಡು 'ತುಂಬಿದೆ' ಅನ್ನುತ್ತೆ. ಡ್ರೈವರು ಸುಳ್ಳು ಹೇಳಿಲ್ಲ, ಕಡ್ಡಿ ಹೇಳಿದೆ. ದಿಬ್ಬದಲ್ಲಿ ಇದ್ದ ಎಣ್ಣೆಯೆಲ್ಲ ಹಿಂದಕ್ಕೆ ಸರೀತು, ಪಂಪು ಗಾಳಿ ಎಳೀತು, ಬೇರಿಂಗು ಹಿಡ್ಕೊಂತು. ಇನ್ನು ಈ ಗಿಡ್ಡದ್ದು ವ್ಯಾನಿನ ಅಳತೇದು. ಅದು ಸಿಕ್ಕಿದ್ದು ಮೂಲೆಯ ಎಂಜಿನ್ನಿನಲ್ಲಿ!"

ಪಂಡಿತ ಹಣೆ ಒರೆಸಿಕೊಂಡ. "ತೊಳೆಯುವಾಗ ಅದಲುಬದಲಾಗಿರ್ಬೇಕಮ್ಮ. ಮನುಷ್ಯ ಅಂದ ಮೇಲೆ..."

"ಯಾವತ್ತು ತೊಳೆದ್ರಿ?"

"ಶನಿವಾರನೇ, ಎಣ್ಣೆ ಬದಲಿಸಿದಾಗ."

"ಇವತ್ತು ಬೆಳಿಗ್ಗೆ ಲಾರಿಯಿಂದ ಇಳಿದ ಎಂಜಿನ್ನಿನ ಕಡ್ಡೀನ ಹೋದ ಶನಿವಾರ ಹೆಂಗೆ ತೊಳೆದ್ರಿ ಪಂಡಿತರೇ?"

ನಾನು ಚಪ್ಪಾಳೆ ತಟ್ಟಿಯೇಬಿಟ್ಟೆ.

"ತಪ್ಪಿನಿಂದ ಆಗಿದ್ರೆ ಎಂಜಿನ್ ಬಂದ ತಾರೀಖು ಮುಚ್ಚಿಡೋ ಅಗತ್ಯ ಇರ್ಲಿಲ್ಲ," ಎಂದಳು ಅತ್ತಿಗೆ. "ಎಂಜಿನ್ ಮೊದಲೇ ಇಲ್ಲಿತ್ತು. ಅದನ್ನ ಮಾರೋಕೆ ವ್ಯಾನಿನದು ಸಾಯ್ಬೇಕಿತ್ತು. ಬೇಕಂತಲೇ ಎಣ್ಣೆ ಕಮ್ಮಿ ಹಾಕಿ, ಗೊತ್ತಾಗದ ಹಾಗೆ ಕಡ್ಡಿ ಬದಲಿಸಿದ್ರಿ. ಸೀಳಿದ ಬ್ಲಾಕ್ ಅನ್ನೋದೂ ಸುಳ್ಳೇ. ಸೀಳಿದ್ದರೆ ಒಳಗೆ ಸೇರಿದ ಸೀಮೆಎಣ್ಣೆ ಮತ್ತೆ ಒಸರಿ ಸುಣ್ಣದ ಮೇಲೆ ಗೆರೆ ಮೂಡ್ಬೇಕಿತ್ತು. ಒಂದೂ ಮೂಡ್ಲಿಲ್ಲ."

"ವರ್ಷದಿಂದ ಬಿದ್ದಿತ್ತು, ಯಾರೂ ಕೊಳ್ಳಲಿಲ್ಲ..." ಎಂದು ಪಂಡಿತ ಗೊಣಗಿದ. ಅವನ ಬಿರುದು ಆ ಕ್ಷಣಕ್ಕೇ ಮಣ್ಣುಪಾಲಾಯಿತು. ನನಗೇನೂ ಕನಿಕರ ಹುಟ್ಟಲಿಲ್ಲ.

"ಹಾಗಾದ್ರೆ ನನ್ನ ಎಂಜಿನ್?" ಎಂದರು ಡಾಕ್ಟರಮ್ಮ.

"ಕೆಲಸಕ್ಕೆ ಬಂದಿದೆ ಅಷ್ಟೇ. ಗ್ಯಾರೇಜಿನ ಮಾತಲ್ಲಿ ಹಾಗಂದ್ರೆ ಬಿಚ್ಚಿ ಕಟ್ಟಬೇಕು ಅಂತ, ಕೆಲಸಕ್ಕೆ ಬಾರದ್ದು ಅಂತಲ್ಲ. ಬೋರ್ ಕೊರೆಸಿ, ಕ್ರಾಂಕ್ ಉಜ್ಜಿಸಿ, ಹೊಸ ಬೇರಿಂಗು, ಪಿಸ್ಟನ್ನು ಹಾಕಿದ್ರೆ ಇನ್ನೂ ಹತ್ತು ವರ್ಷ ಓಡುತ್ತೆ. ನಮ್ಮ ಅಂಗಡೀಲಿ ನಾನೇ ನಿಂತು ಕಟ್ಟಿಸ್ತೀನಿ."

ಡಾಕ್ಟರಮ್ಮ ಡ್ರೈವರನ ಕಡೆ ತಿರುಗಿದರು. "ಇಪ್ಪತ್ತೆರಡು ವರ್ಷ ಜೊತೇಲಿದ್ದ ಮನುಷ್ಯನನ್ನ ಬಿಟ್ಟು ನಿನ್ನೆಯ ಮಾತು ನಂಬಿದೆ. ತಪ್ಪಾಯ್ತಪ್ಪ," ಎಂದರು. ಅವನು ಮುಖ ಮುಚ್ಚಿಕೊಂಡು ಅತ್ತ. ನಾನೂ ಅತ್ತೆ, ಏಕೆ ಮುಚ್ಚಿಡಲಿ.

ಮೂರು ವಾರದ ನಂತರ ಕಟ್ಟಿದ ಎಂಜಿನ್ ಒಂದೇ ತಿರುವಿಗೆ ಗುರ್ ಎಂದಿತು. ಲೇತ್ ಅಂಗಡಿಯವರೆಲ್ಲ ಕೆಲಸ ಬಿಟ್ಟು ಬಂದು ಕೇಕೆ ಹಾಕಿದರು. ಡ್ರೈವರು ಕಿಟಕಿಯಿಂದ ಇಣುಕಿ, "ಅಮ್ಮ, ಹೊಸದಾಗಿ ಕಟ್ಟಿರೋದು, ಸ್ವಲ್ಪ ದಿನ ನಿಧಾನಕ್ಕೆ ಓಡಿಸ್ಲಾ?" ಎಂದು ಕೇಳಿದ.

"ನನ್ನನ್ನೇನು ಕೇಳ್ತೀಯ?" ಎಂದು ಡಾಕ್ಟರಮ್ಮ ಪಕ್ಕದ ಸೀಟಿಗೆ ಹತ್ತಿದರು. "ಎಂಜಿನ್ ವಿಷಯದಲ್ಲಿ ಇನ್ಮೇಲೆ ನೀನು ಹೇಳಿದ್ದೇ ಮಾತು."