ಹಿತ್ತಲಿನ ದೋಣಿಯ ಕಳವು

ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ಮುದುಕನ ಒಂದು ಕಣ್ಣಿಗೆ ಪಟ್ಟಿ ಕಟ್ಟಿತ್ತು. ಕಣ್ಣಿನ ಆಪರೇಷನ್ನಿಗೆಂದು ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಮರಳಿದರೆ, ಹಿತ್ತಲಿನಲ್ಲಿದ್ದ ಫೈಬರ್ ದೋಣಿಯೇ ಇಲ್ಲವಂತೆ. ಅಷ್ಟು ಹಳೆಯದನ್ನು ಯಾರು ಕದಿಯುತ್ತಾರೆ ಎಂದು ರೈಟರ್ ಬಾಯಿ ಹಾಕಿದ. ಮುದುಕ ಒಂದೇ ಕಣ್ಣಿನಲ್ಲಿ ಎರಡು ಕಣ್ಣಿನಷ್ಟು ಉರಿದು ನೋಡಿದ. ಎಫ್‌ಐಆರ್ ಆಯಿತು.

ಪಂಚನಾಮೆಗೆ ಹೋದ ಇನ್‌ಸ್ಪೆಕ್ಟರಿಗೆ ಹಿತ್ತಲಿನಲ್ಲಿ ದೋಣಿ ಎಳೆದ ಗುರುತೇ ಕಾಣಲಿಲ್ಲ. ನೆಲದ ಮೇಲೆ ಬಿಳಿ ಪುಡಿಯಿತ್ತು. ಅದನ್ನು ಮೊಣಕಾಲೂರಿ ಕೈಯಲ್ಲಿ ಬಾಚಿದ ಕಾನ್‌ಸ್ಟೇಬಲ್ ಕ್ಷಣದಲ್ಲೇ ಮೈಕೈ ಪರಪರ ಕೆರೆದುಕೊಳ್ಳತೊಡಗಿದ.

"ಉಜ್ಜಬೇಡಪ್ಪ, ಒಳಗೆ ಹೋಗುತ್ತೆ," ಎಂದಳು ಮುದುಕನ ಹೆಂಡತಿ, ಅಡುಗೆಮನೆಯ ಬಾಗಿಲಿನಿಂದ. "ಅಂಟುಪಟ್ಟಿ ಒತ್ತಿ ಕೀಳು."

ಪಟ್ಟಿಯ ಸುರುಳಿ ಅವಳ ಕೈಯಲ್ಲೇ ಇತ್ತು, ಮುಕ್ಕಾಲು ಮುಗಿದದ್ದು. ಅಂಥ ಸೆಕೆಯಲ್ಲೂ ರವಿಕೆಯ ತೋಳು ಮಣಿಕಟ್ಟಿನವರೆಗೆ ಇಳಿದಿತ್ತು.

"ಅಮ್ಮಾ, ತೋಳು ಸ್ವಲ್ಪ ಮೇಲೆ ಮಾಡಿ," ಎಂದರು ಇನ್‌ಸ್ಪೆಕ್ಟರ್.

ಮೊಣಕೈವರೆಗೂ ಕೆಂಪು ಗಂಧೆಗಳು.

"ದೋಣಿ ಎಲ್ಲಿದೆ?"

"ಮುನಿಸಿಪಾಲಿಟಿ ಕಸದ ಯಾರ್ಡಿನ ಗೇಟಿನ ಪಕ್ಕ. ಗರಗಸದಲ್ಲಿ ಕೊಯ್ದೆ, ಆ ಪುಡಿ ಅದರದ್ದೇ."

ಅವಳು ಕೇಳಲು ಹೋದಾಗ ಯಾರ್ಡಿನವರು ಮೊದಲೇ ಕೈಯೆತ್ತಿದ್ದರು, ಇದು ಕಸವಲ್ಲ ದೋಣಿ ಎಂದು. ಬಂದರು ಕಚೇರಿಯವರು ಇದು ದೋಣಿಯಲ್ಲ ಕಸ ಎಂದಿದ್ದರು. ಗುಜರಿಯವನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಕಬ್ಬಿಣವಲ್ಲವೆಂದು ಸಾಗಹಾಕಿದ್ದ. ಸುಟ್ಟರೆ ಹೊಗೆ ಕೇರಿಗೆಲ್ಲ ವಿಷವೆಂದು ಅವಳೇ ಆ ಯೋಚನೆ ಬಿಟ್ಟಿದ್ದಳು. ಗೇಟಿನ ಬಳಿ ಸಿಕ್ಕ ದೋಣಿ ತುಂಡುಗಳ ಗಂಟುಗಳೆಲ್ಲ ಹಳೆಯ ದುಪ್ಪಟಿಯಲ್ಲಿ ಬಿಗಿದವು. ಪ್ರತಿಯೊಂದರ ಮೇಲೂ ಚೀಟಿ: 'ಚುಚ್ಚುತ್ತೆ, ಜೋಪಾನ.'

ಕಳೆದ ತಿಂಗಳು ತಳ ಸೀಳಿದ ಆ ದೋಣಿಯಲ್ಲೇ ಮುದುಕ ಮೊಮ್ಮಗಳನ್ನು ಸಮುದ್ರಕ್ಕೆ ಒಯ್ದಿದ್ದ. ಬೇರೆ ದೋಣಿಯವರು ಮುಳುಗುತ್ತಿದ್ದ ಮಗುವನ್ನು ಜುಟ್ಟು ಹಿಡಿದು ಮೇಲೆತ್ತಿದ್ದರು. ಆಸ್ಪತ್ರೆಗೆ ಹೊರಡುವಾಗ ಅವನು ಮಗುವಿಗೆ ಹೇಳಿದ್ದು ಒಂದೇ ಮಾತು: ಕಣ್ಣು ಸರಿಯಾಗಲಿ ಪುಟ್ಟಿ, ಮತ್ತೆ ಹೋಗೋಣ.

ಇನ್‌ಸ್ಪೆಕ್ಟರ್ ದೂರು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಮುದುಕನನ್ನು ಕೇಳಿಕೊಂಡರು. ಹೆಂಡತಿಯಾದರೆ ಕಳ್ಳಿಯಲ್ಲವೇ ಎಂದು ಅವನು ಪಟ್ಟು ಹಿಡಿದ. ಸಂಜೆ ನಾಲ್ಕಕ್ಕೆ ಬಂಧನವಾಯಿತು. ಜೀಪಿನಲ್ಲಿ ಕುಳಿತ ಮೇಲೆ ಅವಳು ಕೇಳಿದಳು:

"ಆ ಗಂಟುಗಳನ್ನ ಏನು ಮಾಡ್ತೀರಿ?"

"ಕಳವಿನ ಮಾಲು. ಕೋರ್ಟು ವಾರಸುದಾರರಿಗೆ ಕೊಡುತ್ತೆ."

"ಅಂದ್ರೆ ಇವರಿಗಾ?"

ಇನ್‌ಸ್ಪೆಕ್ಟರ್ ಹಿತ್ತಲ ಕಡೆ ತಿರುಗಿ ನೋಡಿದರು. ಅಲ್ಲಿ ಮುದುಕ ಆಗಲೇ ಫೈಬರ್ ಅಂಟಿಸುವ ರಾಳದ ಡಬ್ಬಿಯ ಮುಚ್ಚಳ ತೆಗೆದು, ಗಟ್ಟಿಯಾಗಿದೆಯೇನೋ ಎಂದು ಕಡ್ಡಿಯಿಂದ ಕಲಕುತ್ತಿದ್ದ. ಮೊಮ್ಮಗಳು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು ನೋಡುತ್ತಿದ್ದಳು.