ಕೊನೆಯ ಸಿಲಿಂಡರಿನ ಹಳೇ ಪ್ಲಗ್ಗು

ಈ ಕತೆ ಹೇಳಲು ಹೊರಟದ್ದೇ ಅಧಿಕಪ್ರಸಂಗ ಎಂದು ಯಾರಾದರೂ ಅಂದರೆ ನಾನು ಎದುರಾಡುವುದಿಲ್ಲ. ನಾನು ಗ್ಯಾರೇಜಿನ ಸ್ಟೋರು ನೋಡಿಕೊಳ್ಳುವವನು. ಬರೆಯಲು ಕಲಿತದ್ದು ಸಂಜೆ ತರಗತಿಯಲ್ಲಿ, ಅದೂ ಅರ್ಧಂಬರ್ಧ. ಆದರೆ ಹೇಳಬೇಕಾದ ಗಡಿಯಾರದ ಅಕ್ಕ ತಾವಾಗಿ ಬಾಯಿ ಬಿಡುವವರಲ್ಲ. ಹೆಚ್ಚುಕಮ್ಮಿಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅಕ್ಕನ ಗಡಿಯಾರ ರಿಪೇರಿ ಅಂಗಡಿ ನಮ್ಮ ಗ್ಯಾರೇಜಿನ ಗೋಡೆಗೆ ಅಂಟಿಕೊಂಡೇ ಇದೆ. ಮೂರು ಜನ ನಿಂತರೆ ನಾಲ್ಕನೆಯವರು ಬೀದಿಗಿಳಿಯಬೇಕು. ನಮ್ಮ ಬೀದಿಯಲ್ಲಿ ಏನು ಕಳೆದುಹೋದರೂ ಜನ ಪೊಲೀಸರಿಗಿಂತ ಮೊದಲು ಬರುವುದು ಅಲ್ಲಿಗೆ. ನಾನು ಅವರ ಜೊತೆಗಾರ. ಜೊತೆಗಾರ ಎಂದರೆ, ಅವರು ಯೋಚಿಸುವಾಗ ಮಾತಾಡದೆ ಕೂರುವವನು.

ಆ ಬೆಳಿಗ್ಗೆ ಗಟ್ಟಿಗಿತ್ತಿ ಅಂಗಡಿಗೆ ನುಗ್ಗಿದಳು. ನಮ್ಮ ಗ್ಯಾರೇಜಿನ ಒಬ್ಬಳೇ ಹೆಣ್ಣು ಮೆಕ್ಯಾನಿಕ್ ಅವಳು. ಎಲ್ಲರೂ ಅವಳನ್ನು ಕರೆಯುವುದೇ ಹಾಗೆ. ಅವಳ ಹಿಂದೆಯೇ ನಾನೂ ಓಡಿಬಂದೆ.

"ಅಕ್ಕಾ, ಕಾಪಾಡಿ ಅಂತ ಕೇಳೋಕೆ ಬಂದಿಲ್ಲ. ನಾನು ಹೇಳ್ತಿರೋದು ನಿಜ ಅಂತ ತೋರಿಸಿಕೊಡಿ, ಅಷ್ಟು ಸಾಕು."

ಅಕ್ಕ ಕಣ್ಣಿನ ಭೂತಗನ್ನಡಿ ತೆಗೆಯದೆಯೇ, "ಕೂತ್ಕೋ ತಾಯಿ" ಅಂದರು.

"ಕೂರಲ್ಲ. ಕೂತ್ರೆ ಅತ್ತುಬಿಡ್ತೀನಿ. ಗ್ಯಾರೇಜಿನವರೆದುರು ಅಳಲ್ಲ ಅಂತ ಆಣೆ ಮಾಡಿದೀನಿ."

ಆದದ್ದಿಷ್ಟು. ಹಾಲಿನ ಡೈರಿ ಇಟ್ಟುಕೊಂಡವರ ಪಿಕಪ್ ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ, ಜ್ವರ ಬಂದವರ ಹಾಗೆ ನಡುಗುತ್ತದೆ ಎಂದು ನಮ್ಮಲ್ಲಿಗೆ ಬಂದಿತ್ತು. ಗಟ್ಟಿಗಿತ್ತಿ ಒಬ್ಬಳೇ ನಿಂತು ನಾಲ್ಕೂ ಸ್ಪಾರ್ಕ್ ಪ್ಲಗ್ಗು, ಅವುಗಳ ಮೇಲೆ ಕೂತು ಕಿಡಿಗೆ ಕರೆಂಟು ಕೊಡುವ ಕಾಯಿಲ್‌ಗಳ ನಾಲ್ಕೂ ರಬ್ಬರ್ ಬೂಟು, ಎಂದರೆ ಟೊಪ್ಪಿಗೆ, ಬದಲಾಯಿಸಿ ಕಳಿಸಿದಳು. ಎರಡು ದಿನ ಗಾಡಿ ಬೆಣ್ಣೆಯ ಹಾಗೆ ಓಡಿತು. ಮೂರನೆಯ ದಿನ ಮೂರು ಗಂಟೆ ತಡವಾಗಿ, ನಡುಗುತ್ತಾ, ಒಡೆದ ಹಾಲು ಹೊತ್ತು ಡೈರಿಗೆ, ಅಲ್ಲಿಂದ ನಮ್ಮಲ್ಲಿಗೆ ಬಂತು. ನಮ್ಮ ಹೆಡ್ ಮೇಸ್ತ್ರಿ ಬಾನೆಟ್ ಎತ್ತಿ ನೇರವಾಗಿ ಕೊನೆಯ ಸಿಲಿಂಡರಿಗೇ ಕೈಹಾಕಿದರು. ಅಲ್ಲಿಂದ ಬಂದದ್ದು ಹಳೇ ಪ್ಲಗ್ಗು, ಹಳೇ ಬೂಟು!

"ಕೊನೇದಕ್ಕೆ ಕೈ ಎಟುಕೋದು ಕಷ್ಟ. ಬಿಟ್ಟಿದ್ದಾಳೆ" ಎಂದರು ಹೆಡ್ ಮೇಸ್ತ್ರಿ. "ಹೊಸದು ಅವಳ ಚೀಲ ಸೇರಿರುತ್ತೆ. ಹೆಂಗಸರ ಕೈಗೆ ಇಂಜಿನ್ ಕೊಟ್ರೆ ಇನ್ನೇನಾಗುತ್ತೆ?"

"ನಿಮಗೆ ದೇವರು ಬಾಯಿ ಕೊಟ್ಟಾಗ ಆದದ್ದೇ ಆಗುತ್ತೆ" ಎಂದಳು ಇವಳು. "ಬಿಡಿ, ನಾನೇ ನೋಡ್ತೀನಿ."

"ಮುಟ್ಟಿದ್ರೆ ನೋಡು!" ಎಂದು ಅವರು ಪ್ಲಗ್ಗನ್ನು ಬೂಟಿನ ಸಮೇತ ನನ್ನ ಕೈಗೆ ತುರುಕಿದರು. ನಾನು ಅತ್ತಿತ್ತ ತಿರುಗಿಸಿ, ಯಜಮಾನರಿಗೆ ಕೊಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡೆ.

ನಮ್ಮಲ್ಲೊಂದು ಪದ್ಧತಿ ಇದೆ. ಬಿಚ್ಚಿದ ಹಳೇ ಸಾಮಾನನ್ನು ಹೊಸದರ ಡಬ್ಬಿಗೇ ತುಂಬಿ ಗಾಡಿಯವರಿಗೆ ಕೊಡುತ್ತೇವೆ, ಬದಲಾಯಿಸಿದ್ದಕ್ಕೆ ಸಾಕ್ಷಿಯಾಗಿ. ಪಿಕಪ್ಪಿನ ಡ್ರೈವರ್, ಹಾಲಿನವರ ಹೆಂಡತಿಯ ತಮ್ಮ, ಡ್ಯಾಶ್‌ಬೋರ್ಡಿನಿಂದ ಆ ಡಬ್ಬಿ ತೆಗೆದು ಎಲ್ಲರೆದುರು ಸುರಿದ. ಮೂರು ಹಳೇ ಪ್ಲಗ್ಗು, ಮೂರು ಹಳೇ ಬೂಟು. ನಾಲ್ಕನೆಯದು ಇಲ್ಲ.

"ಸಂಜೆಯೊಳಗೆ ತಪ್ಪೊಪ್ಪಿಗೆ ಬರೆದುಕೊಡಬೇಕು, ಇಲ್ಲಾಂದ್ರೆ ಗೇಟಿನಾಚೆ" ಎಂದಿದ್ದರು ನಮ್ಮ ಯಜಮಾನರು.

"ಬರೆಯಲ್ಲ" ಎಂದಳು ಗಟ್ಟಿಗಿತ್ತಿ, ಈಗ ಅಕ್ಕನ ಮುಂದೆ. "ಬರೆದ್ರೆ ಈ ಊರಲ್ಲಿ ಯಾವ ಗ್ಯಾರೇಜಿನವರೂ ನನ್ನ ಕೈಗೆ ಪಾನಾ ಕೊಡಲ್ಲ. ಬರೆಯದೆ ಇದ್ರೆ ಇವತ್ತೇ ಕೆಲಸ ಹೋಗುತ್ತೆ. ಹೋಗಲಿ. ಮಾಡದ ತಪ್ಪಿಗೆ ರುಜು ಹಾಕೋ ಕೈ ನನ್ನದಲ್ಲ."

ಅಕ್ಕ ನನ್ನತ್ತ ತಿರುಗಿದರು. "ಡಬ್ಬಿ ಮುಚ್ಚಿದ್ದು ನೀನೇ ಅಲ್ವೇನೋ? ಒಳಗೆ ನಾಲ್ಕಿತ್ತಾ, ಮೂರಾ?"

ನಾಲ್ಕು ಎಂದುಬಿಟ್ಟರೆ ಅವಳು ಉಳಿಯುತ್ತಿದ್ದಳು. "ಎಣಿಸಿದ ನೆನಪಿಲ್ಲ ಅಕ್ಕಾ" ಎಂದೆ. ಗಟ್ಟಿಗಿತ್ತಿ ನನ್ನನ್ನು ನೋಡಿದಳು. ಬೈದಿದ್ದರೆ ವಾಸಿಯಿತ್ತು.

"ಅವಳು ಸ್ಟೋರಿನಿಂದ ಏನೇನು ತಗೊಂಡಳು?"

"ನಾಲ್ಕು ಪ್ಲಗ್ಗು, ನಾಲ್ಕು ಬೂಟು, ಇಂಜಿನ್ನಿನ ಮೇಲ್ಮುಚ್ಚಳಕ್ಕೆ ಒಂದು ಗ್ಯಾಸ್ಕೆಟ್."

"ಗ್ಯಾಸ್ಕೆಟ್ ಯಾಕೆ?"

"ಮೇಲ್ಮುಚ್ಚಳದ ಸಂದಿಯಿಂದ ಎರಡನೇ ಪ್ಲಗ್ಗಿನ ಗುಂಡಿಯೊಳಗೆ ಎಣ್ಣೆ ಸೋರಿ ನಿಂತಿತ್ತು" ಎಂದಳು ಗಟ್ಟಿಗಿತ್ತಿ. "ಅಲ್ಲಿನ ಬೂಟು ಎಣ್ಣೆ ಕುಡಿದು ಉಬ್ಬಿ, ಕಿಡಿಯೆಲ್ಲಾ ಆಚೆ ಹಾರ್ತಿತ್ತು. ಗಾಡಿ ನಡುಗ್ತಿದ್ದದ್ದೇ ಅದಕ್ಕೆ. ಮಿಕ್ಕ ಮೂರೂ ಒಣಗಿದ್ವು."

ಅಕ್ಕ ಅಂಗಡಿಯ ಬಾಗಿಲು ಎಳೆದುಕೊಂಡರು. ದಾರಿಯಲ್ಲಿ ನಾನು ಮೆಲ್ಲಗೆ, "ಹೆಡ್ ಮೇಸ್ತ್ರಿಯದ್ದೇ ಕೈವಾಡ ಅನ್ಸುತ್ತೆ. ಅವಳನ್ನು ಕಂಡ್ರೆ ಆಗಲ್ಲ. ಸೀದಾ ಕೊನೇದಕ್ಕೇ ಕೈಹಾಕಿದ್ರಲ್ಲ?" ಎಂದೆ.

"ಕೇಳೋಣ" ಎಂದರು ಅಕ್ಕ.

ಶೆಡ್ಡಿನಲ್ಲಿ ಪಿಕಪ್ ಬಾಯಿ ತೆರೆದುಕೊಂಡೇ ನಿಂತಿತ್ತು. ಸುತ್ತ ಯಜಮಾನರು, ಹಾಲಿನವರು, ಡ್ರೈವರ್, ಹೆಡ್ ಮೇಸ್ತ್ರಿ. ಅಕ್ಕ ಫೆಂಡರಿನ ಮೇಲೆ ಬಿಳೀ ಕಾಗದ ಹಾಸಿ, ಕೊನೆಯ ಸಿಲಿಂಡರಿನಿಂದ ತೆಗೆದ ಪ್ಲಗ್ಗನ್ನೂ ಡಬ್ಬಿಯ ಮೂರನ್ನೂ ಅವುಗಳ ಬೂಟುಗಳ ಜೊತೆ ಸಾಲಾಗಿ ಇಟ್ಟರು.

"ಮೇಸ್ತ್ರಿಗಳೇ, ನೀವು ಮೊದಲು ಕೊನೇದನ್ನೇ ಬಿಚ್ಚಿದ್ದು ಯಾಕೆ?"

"ಡ್ರೈವರ್ ಹೇಳಿದ. 'ಕೊನೇದು ನೋಡಿ, ಅದೇ ಕೆಟ್ಟಿದೆ' ಅಂತ."

"ಡ್ರೈವರಪ್ಪಾ, ನೀವು ದಾರಿಯಲ್ಲಿ ಬಾನೆಟ್ ಎತ್ತಿದ್ರಾ?"

"ಇಲ್ಲಮ್ಮ" ಎಂದ ಡ್ರೈವರ್. "ನನಗೆ ಸ್ಟೇರಿಂಗ್ ಬಿಟ್ರೆ ಬೇರೇನೂ ಗೊತ್ತಿಲ್ಲ."

"ಈ ಮೂರು ದಿನ ಗಾಡಿ ಯಾರ ಹತ್ರ ಇತ್ತು?"

"ಇವನ ಹತ್ರಾನೇ" ಎಂದರು ಹಾಲಿನವರು. "ರಾತ್ರಿ ನಿಲ್ಸೋದೂ ಇವನ ಮನೆ ಮುಂದೆಯೇ."

ಅಕ್ಕ ಉದ್ದನೆಯ ತಂತಿಗೆ ಕಾಗದದ ಚೂರು ಸುತ್ತಿ ಕೊನೆಯ ಗುಂಡಿಯೊಳಗೆ ಇಳಿಸಿದರು. ಒರೆಸಿ ಮೇಲೆತ್ತಿದರು. ಕಾಗದಕ್ಕೆ ಒಂದಿಷ್ಟು ಧೂಳು, ಅಷ್ಟೆ.

"ಗುಂಡಿ ಒಣಗಿದೆ. ಈಗ ಇಲ್ಲಿ ನೋಡಿ."

ಬಗ್ಗಿ ನೋಡಿದೆವು. ಬಿಳೀ ಹಾಳೆಯ ಮೇಲೆ ಡಬ್ಬಿಯ ಮೂರು ಪ್ಲಗ್ಗು ಬೂದಿಯಂತೆ ಒಣಗಿ ಕೂತಿದ್ದವು. ನಾಲ್ಕನೆಯದರ ಸುತ್ತ ಕಾಸಗಲ ಕಂದು ಕಲೆ ಹರಡುತ್ತಿತ್ತು. ಅದರ ಬೂಟು ನೆನೆದ ಬಿಸ್ಕತ್ತಿನ ಹಾಗೆ ಉಬ್ಬಿತ್ತು. ನಾನು ನನ್ನ ಪ್ಯಾಂಟು ನೋಡಿಕೊಂಡೆ. ನಾಲ್ಕು ಬೆರಳಿನ ಎಣ್ಣೆ ಗುರುತು!

"ಇದು ಎರಡನೇ ಸಿಲಿಂಡರಿನ ಪ್ಲಗ್ಗು" ಎಂದರು ಅಕ್ಕ. "ಎಣ್ಣೆ ಇದ್ದದ್ದು ಅಲ್ಲಿ ಮಾತ್ರ. ಹುಡುಗಿ ಕೊನೇದನ್ನು ಬದಲಾಯಿಸದೆ ಬಿಟ್ಟಿದ್ರೆ ಅಲ್ಲಿ ಒಣ ಪ್ಲಗ್ಗು ಇರಬೇಕಿತ್ತು, ಎಣ್ಣೇದು ಡಬ್ಬಿಯಲ್ಲಿರಬೇಕಿತ್ತು. ಇದು ಎರಡರಿಂದ ನಾಲ್ಕಕ್ಕೆ ಕಾಲು ಬಂದು ನಡೆಯಲಿಲ್ಲ. ಅವಳು ಬಿಚ್ಚಿದ್ದಾಳೆ, ಡಬ್ಬಿ ಸೇರಿದೆ. ಆಮೇಲೆ ಯಾರೋ ಡಬ್ಬಿಯಿಂದ ತೆಗೆದು ಕೊನೇದಕ್ಕೆ ಹಾಕಿದ್ದಾರೆ."

"ಯಾರು?" ಎಂದರು ಯಜಮಾನರು.

"ಮೇಸ್ತ್ರಿಗಳಲ್ಲ. ಹಳೇ ಪ್ಲಗ್ಗು ಜಾತಕ ಇದ್ದ ಹಾಗೆ ಅಂತ ಅವರಿಗೆ ಗೊತ್ತು. ಅವರಾಗಿದ್ರೆ ಒಣಗಿದ್ದನ್ನೇ ಆರಿಸ್ತಿದ್ರು. ಎಲ್ಲಾ ಹಳೇ ಪ್ಲಗ್ಗೂ ಒಂದೇ ಅಂದುಕೊಂಡವರು ಕೈಗೆ ಸಿಕ್ಕಿದ್ದನ್ನು ತಿರುಗಿಸಿದ್ದಾರೆ. ಡಬ್ಬಿ, ಗಾಡಿ ಎರಡೂ ಇದ್ದದ್ದು ಒಬ್ಬರ ಕೈಯಲ್ಲಿ. ಗಾಡಿ ನಡುಗಿದರೆ ಇಡೀ ಗಾಡಿ ನಡುಗುತ್ತೆ. ಬಾನೆಟ್ ಎತ್ತದವರಿಗೆ ಕೆಟ್ಟಿದ್ದು ಕೊನೇದು ಅಂತ ಹೇಗೆ ಗೊತ್ತಾಯ್ತು?"

ಡ್ರೈವರ್ ಕಾಲಿನ ತುದಿ ನೋಡುತ್ತಿದ್ದ. "ಭಾವಾ... ತಡವಾಗಿಹೋಗಿತ್ತು" ಎಂದ. "ಹಾಲು ಒಡೆದಿತ್ತು. ಗಾಡಿ ಕೆಟ್ಟಿತ್ತು ಅಂದ್ರೆ ನೀವು ನಂಬ್ತೀರ ಅಂತ..."

"ಎಲ್ಲಿಗೆ ಹೋಗಿದ್ದೆಯೋ?" ಎಂದರು ಹಾಲಿನವರು.

ಹೆಡ್ ಮೇಸ್ತ್ರಿ ಆ ಬೂಟನ್ನು ಎತ್ತಿ, ಹಿಸುಕಿ, ಮೂಸಿದರು. "ಇಷ್ಟು ವರ್ಷದ ಅನುಭವ ಬೆಂಕಿಗೆ ಹಾಕ್ಬೇಕು" ಎಂದು ತಮಗೇ ಹೇಳಿಕೊಂಡರು.

ಯಜಮಾನರು ಕೈ ಉಜ್ಜಿಕೊಂಡರು. "ಸರಿ ಬಿಡಮ್ಮ, ಎಲ್ಲಾ ಮುಗೀತಲ್ಲ. ಹೋಗಿ ಕೆಲಸ ನೋಡು."

"ಮುಗಿದಿಲ್ಲ" ಎಂದಳು ಗಟ್ಟಿಗಿತ್ತಿ. ಅವಳು ದನಿ ಎತ್ತರಿಸಲಿಲ್ಲ. "ಹತ್ತು ಜನರೆದುರು ಕಳ್ಳಿ ಅಂದ್ರಿ. ಹತ್ತು ಜನರೆದುರೇ ತಪ್ಪಾಯ್ತು ಅನ್ನಿ. ಇಬ್ಬರೂ. ಅಲ್ಲೀವರೆಗೆ ಈ ಬಾನೆಟ್ ಹೀಗೇ ಇರುತ್ತೆ."

ಮೊದಲು ಹೇಳಿದ್ದು ಹೆಡ್ ಮೇಸ್ತ್ರಿ, ಬೂಟು ಕೈಯಲ್ಲಿ ಹಿಡಿದುಕೊಂಡೇ. ಯಜಮಾನರು ಕೆಮ್ಮಿ, ಎರಡು ಸಲ ಬಾಯಿ ತೆರೆದು, ಕೊನೆಗೂ ಹೇಳಿದರು. ಅವಳು ತಲೆಯಾಡಿಸಿ, ನನ್ನಿಂದ ಹೊಸ ಪ್ಲಗ್ಗು, ಹೊಸ ಬೂಟು ಕೇಳಿ ಪಡೆದು ಕೆಲಸಕ್ಕೆ ಬಗ್ಗಿದಳು.

ಡ್ರೈವರ್ ಬಿಚ್ಚಿದ ಆ ಹೊಸ ಪ್ಲಗ್ಗು, ಬೂಟು ಎಲ್ಲಿ ಬಿದ್ದವೋ ಸಿಗಲಿಲ್ಲ. ಆ ಮೂರು ಗಂಟೆ ಹಾಲಿನ ಗಾಡಿ ಎಲ್ಲಿ ನಿಂತಿತ್ತು ಎಂಬುದನ್ನು ಅವನು ಭಾವನಿಗೂ ಹೇಳಲಿಲ್ಲ, ಅಕ್ಕನಿಗೂ ಹೇಳಲಿಲ್ಲ. ಅಕ್ಕ ಒತ್ತಾಯಿಸಲೂ ಇಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ನನ್ನ ಹತ್ರ ಬಂದವಳು ಅದನ್ನು ಕೇಳಿರಲಿಲ್ಲ" ಎಂದರು. ಗಾಡಿ ಎಲ್ಲಿ ನಿಂತಿತ್ತೋ, ಅದು ನನಗೆ ಇವತ್ತಿಗೂ ಗೊತ್ತಿಲ್ಲ.