ಮನೆಯ ಮಿಸ್

"ಮಿಸ್, ಊಟಕ್ಕೆ ಬರಬೇಕಂತೆ. ಅಜ್ಜಿ ಹೇಳಿದಳು."

ಹೀಗೆ ಕರೆದವಳು ಹನ್ನೊಂದು ವರ್ಷದ ರಕ್ಷಿತಾ. ಕರೆಸಿಕೊಂಡವಳು ಸಿಂಧು, ರಕ್ಷಿತಾಳ ತಂದೆ ಶ್ರೀನಾಥನ ಹೆಂಡತಿ. ಮಗಳಾದವಳು ತಾಯಿಯಾದವಳನ್ನು ಮಿಸ್ ಎಂದು ಕರೆಯುವ ಮನೆಯೂ ಇರುತ್ತದೆಯೇ ಎಂದು ಹುಬ್ಬೇರಿಸಬೇಡಿ. ಪುಣೆಯ ವಾಕಡದ ಆ ಒಂಬತ್ತನೇ ಮಹಡಿಯ ಮನೆಯಲ್ಲಿ ಅದು ವರ್ಷಗಳಿಂದ ನಡೆದುಕೊಂಡು ಬಂದಿತ್ತು, ಯಾರಿಗೂ ವಿಚಿತ್ರ ಅನ್ನಿಸುತ್ತಿರಲಿಲ್ಲ. ಸಿಂಧುವಿಗೂ ಅನ್ನಿಸುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಮೊದಮೊದಲು ಆ ಮಾತು ಕೇಳಿದಾಗಲೆಲ್ಲ ಎದೆಯಲ್ಲಿ ಚುಚ್ಚುತ್ತಿತ್ತು. ಚುಚ್ಚಿ ಚುಚ್ಚಿ ಆ ಜಾಗ ಮರಗಟ್ಟಿತ್ತು, ಅಷ್ಟೆ.

ಊಟದ ಮೇಜಿನ ತುಂಬ ಆರನೇ ತರಗತಿಯ ಪುಸ್ತಕಗಳು ಹರಡಿದ್ದವು. ಸಿಂಧುವಿನ ಅತ್ತೆ ಮುನಿಯಮ್ಮ ಅನ್ನದ ಪಾತ್ರೆ ಹಿಡಿದು ಬಂದವರು ಇಡಲು ಜಾಗವಿಲ್ಲದೆ ನಿಂತರು. ನಿಂತವರು ಸುಮ್ಮನೆ ನಿಂತಾರೆಯೇ?

"ಯಾವ್ದೋ ಒಂದು ಪುಸ್ತಕ ಆರಿಸ್ಕೊಳ್ಳೋಕೆ ಇಷ್ಟು ದಿನ ಬೇಕೇನಮ್ಮ? ಅದೇ ಅಲ್ವಾ ನಿನ್ನ ಕೆಲಸ? ಅದಕ್ಕೇ ತಾನೆ ನಿನ್ನ ಈ ಮನೆಗೆ ತಂದಿದ್ದು?"

"ತೆಗೀತೀನಿ ಅತ್ತೆ," ಎಂದಳು ಸಿಂಧು. ಪುಸ್ತಕಗಳನ್ನು ಒಟ್ಟು ಮಾಡಿ ಕಿಟಕಿಯ ಕಟ್ಟೆಯ ಮೇಲಿಟ್ಟಳು. ಬೇರೆ ಸೊಸೆಯಾಗಿದ್ದರೆ ಅಡುಗೆಮನೆಗೆ ಹೋಗಿ ಒಂದು ಪಾತ್ರೆಯನ್ನಾದರೂ ಕುಕ್ಕಿ ಇಡುತ್ತಿದ್ದಳು. ಸಿಂಧು ತಟ್ಟೆಗಳನ್ನು ಇಟ್ಟು ನೀರು ಬಗ್ಗಿಸಿದಳು.

ಆ ಮನೆಯ ಕತೆ ಶುರುವಾಗುವುದು ಕುಶಲಳಿಂದ. ಕುಶಲ ಶ್ರೀನಾಥನ ಮೊದಲ ಹೆಂಡತಿ. ಹೊರಗಿನವಳಲ್ಲ, ಮುನಿಯಮ್ಮನ ಅಣ್ಣ ಮಹದೇವಪ್ಪನ ಮಗಳು. ಕುಣಿಗಲ್ಲಿನ ಅಣ್ಣನ ಮನೆಯಲ್ಲಿ ಆ ಕೂಸು ಇನ್ನೂ ತೊಟ್ಟಿಲಲ್ಲಿದ್ದಾಗಲೇ "ಇವಳು ನನ್ನ ಸೊಸೆ, ಬೇರೆ ಯಾರಿಗೂ ಕೊಡಕೂಡದು" ಎಂದು ಹೇಳಿ ಬಂದಿದ್ದವರು ಮುನಿಯಮ್ಮ. ಹಾಗೆಯೇ ಆಯಿತು. ಮಗನಿಗೆ ಪುಣೆಯ ಹಿಂಜವಡಿಯಲ್ಲಿ ಕೆಲಸ ಸಿಕ್ಕಿ, ಮದುವೆಯಾಗಿ, ಮೊಮ್ಮಗಳೂ ಹುಟ್ಟಿ, ಇನ್ನೇನು ಬೇಕು ಅನ್ನುವಷ್ಟರಲ್ಲಿ ಒಂದು ಮಳೆಗಾಲದ ಡೆಂಗಿ ಜ್ವರ ಕುಶಲಳನ್ನು ತೆಗೆದುಕೊಂಡು ಹೋಯಿತು... ರಕ್ಷಿತಾ ಆಗ ಒಂದನೇ ತರಗತಿ. ಅವಳು ಶಾಲೆಯಲ್ಲಿದ್ದಾಗಲೇ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಬೆಳಿಗ್ಗೆ ಜಡೆ ಹಾಕಿ ಕಳಿಸಿದ ಅಮ್ಮ ಸಾಯಂಕಾಲ ಮನೆಯಲ್ಲಿರಲಿಲ್ಲ, ಮತ್ತೆಂದೂ ಇರಲಿಲ್ಲ. ತಾನು ಶಾಲೆಗೆ ಹೋದದ್ದಕ್ಕೇ ಹೀಗಾಯಿತು ಎಂದು ಆ ಮಗು ತೀರ್ಮಾನ ಮಾಡಿಕೊಂಡುಬಿಟ್ಟಿತು. ಆಮೇಲೆ ಶಾಲೆಯ ಗೇಟು ಕಂಡರೆ ಸಾಕು, ಸರಳು ಹಿಡಿದುಕೊಂಡು ವಾಂತಿ ಮಾಡುತ್ತಿದ್ದಳು. "ಸ್ವಲ್ಪ ದಿನ ಮನೆಯಲ್ಲೇ ಇರಲಿ" ಎಂದು ಶಾಲೆಯವರೂ ಕೈ ಮುಗಿದರು.

ಆ ಶಾಲೆಯಲ್ಲಿ ಅವಳ ತರಗತಿಯ ಟೀಚರ್ ಆಗಿದ್ದವಳೇ ಸಿಂಧು. ಹಾಸನದ ಹುಡುಗಿ, ವಾಕಡದಲ್ಲೇ ಅಣ್ಣನ ಮನೆಯಲ್ಲಿದ್ದಳು. ಮಗುವನ್ನು ಬಿಡಲು ಮನಸ್ಸಾಗದೆ ಸಂಜೆ ಹೊತ್ತು ಮನೆಗೆ ಬಂದು ಪಾಠ ಹೇಳತೊಡಗಿದಳು. ಯಾರ ಹತ್ತಿರವೂ ಬಾಯಿ ಬಿಡದ ಮಗು ಮಿಸ್ ಹತ್ತಿರ ಮಗ್ಗಿ ಒಪ್ಪಿಸಿತು. ಇದನ್ನು ನೋಡಿದ ಮುನಿಯಮ್ಮನೇ ಮುಂದೆ ನಿಂತು ಮದುವೆ ಮಾಡಿಸಿದರು. ಮದುವೆಯಾದ ದಿನವೇ ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು: "ನೋಡಮ್ಮ, ನೀನು ನನ್ನ ಮಗನಿಗೆ ಹೆಂಡತಿ. ಮಗೂಗೆ ಮಾತ್ರ ಮಿಸ್. ಅಮ್ಮ ಅನ್ನಿಸ್ಕೊಳ್ಳೋಕೆ ಹೋಗ್ಬೇಡ. ಅವಳಿಗೆ ಅಮ್ಮ ಇದಾಳೆ, ಅಗೋ, ಗೋಡೆ ಮೇಲೆ." ಸಿಂಧು ಗೋಡೆಯ ಮೇಲಿನ ಕುಶಲಳ ಫೋಟೋ ನೋಡಿ ತಲೆಯಾಡಿಸಿದಳು. ಆ ಕ್ಷಣಕ್ಕೆ ಅದು ನ್ಯಾಯವಾದ ಮಾತು ಎಂದೇ ಅನ್ನಿಸಿತ್ತು.

ಶಾಲೆಯ ಕೆಲಸ ಬಿಟ್ಟಳು. ಬೆಳಿಗ್ಗೆ ಕೂತರೆ ಮಧ್ಯಾಹ್ನದ ಊಟದ ತನಕ ಆ ಮೇಜಿನ ಹತ್ತಿರ ಪಾಠ. ಆ ಹೊತ್ತಿನಲ್ಲಿ ರಕ್ಷಿತಾ ಮಾತಾಡುತ್ತಿದ್ದಳು, ಕೇಳುತ್ತಿದ್ದಳು, ಒಮ್ಮೊಮ್ಮೆ ನಗುತ್ತಲೂ ಇದ್ದಳು. ಪುಸ್ತಕ ಮುಚ್ಚಿದರೆ ಮಾತೂ ಮುಚ್ಚಿಹೋಗುತ್ತಿತ್ತು. ಆಮೇಲೆ ಅವಳು ಅಜ್ಜಿಯ ಪುಟ್ಟಿ, ಅಪ್ಪನ ಪುಟ್ಟಿ. ಸಿಂಧು ಮನೆಯಲ್ಲಿ ಓಡಾಡುವ ಇನ್ನೊಬ್ಬ ಹೆಂಗಸು. ಅದಕ್ಕೇ ಸಿಂಧು ಪಾಠವನ್ನು ಎಳೆಯುತ್ತಿದ್ದಳು. ಮುಗಿದ ಲೆಕ್ಕಕ್ಕೆ ಇನ್ನೊಂದು ಲೆಕ್ಕ ಸೇರಿಸುತ್ತಿದ್ದಳು. ಈಗ ಐದನೆಯದು ಮುಗಿದಿತ್ತು. ಆರರಿಂದ ಎಂಟರ ತನಕ ಯಾವ ಪಠ್ಯ ಹಿಡಿಯಬೇಕು ಎಂಬುದನ್ನು ಆರಿಸಿದರೆ ಇನ್ನೂ ಮೂರು ವರ್ಷ ಆ ಮೇಜು ಅವಳದಾಗುತ್ತಿತ್ತು. ಅವಳಿಗೆ ಆ ಮನೆಯಲ್ಲಿ ಬೇರೆ ಏನೂ ಇರಲಿಲ್ಲ.

ಆರಿಸಲು ಇದ್ದದ್ದು ಮೂರು. ಒಂದು ಮುಕ್ತ ಶಾಲೆಯವರ ಪುಸ್ತಕ, ತೆಳ್ಳಗೆ, ಸರಳವಾಗಿ. ಇನ್ನೊಂದು ಕೇಂದ್ರ ಸರ್ಕಾರದ ಪಠ್ಯ, ಮುಂದೆ ಯಾವ ಪರೀಕ್ಷೆಗೆ ಕೂತರೂ ಅದೇ ಬೇಕು. ಮೂರನೆಯದು ಮನೆಯಲ್ಲೇ ಕಲಿಸುವವರಿಗಾಗಿ ಒಂದು ಕಂಪನಿ ಮಾಡಿದ್ದು. ದೊಡ್ಡ ಪೆಟ್ಟಿಗೆ, ಬಣ್ಣಬಣ್ಣದ ಚಾರ್ಟು, ಭೂತಗನ್ನಡಿ, ಜೊತೆಗೆ ವಿಡಿಯೊ. ಶ್ರೀನಾಥನನ್ನು ಕೇಳಿದರೆ ಅವನು ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ, "ನಿಂಗೆ ಗೊತ್ತಿರುತ್ತಲ್ಲ, ನೀನೇ ಡಿಸೈಡ್ ಮಾಡು," ಎಂದ. ಕುಶಲ ಹೋದ ಮೇಲೆ ಅವನು ಯಾವ ವಿಷಯಕ್ಕೂ ಇದಕ್ಕಿಂತ ಉದ್ದದ ಉತ್ತರ ಕೊಟ್ಟದ್ದಿಲ್ಲ. ಕೆಟ್ಟವನಲ್ಲ ಪಾಪ, ಎಲ್ಲೋ ನಿಂತುಹೋದವನು.

ಸಿಂಧು ಒಂದೊಂದು ಪುಸ್ತಕದಿಂದ ಒಂದೊಂದು ಪಾಠ ಮಾಡಿ ನೋಡಿದಳು. ರಕ್ಷಿತಾ ಮೂರನ್ನೂ ಚೊಕ್ಕವಾಗಿ ಮಾಡಿದಳು.

"ಯಾವುದು ಇಷ್ಟ ಆಯ್ತು ರಕ್ಷಿತಾ?"

"ಎಲ್ಲಾ ಪರವಾಗಿಲ್ಲ ಮಿಸ್."

ಹಾಗೆಂದವಳು ಪುಸ್ತಕಗಳನ್ನು ಒಂದೊಂದಾಗಿ ಎಳೆದುಕೊಂಡು ಪ್ರತಿ ಪಾಠದ ಕೊನೆಯ ಪುಟ ಮಾತ್ರ ತಿರುವಿ ನೋಡತೊಡಗಿದಳು.

"ಏನು ಹುಡುಕ್ತಿದೀಯ?"

"ಈ ಪ್ರಶ್ನೆ ಇಲ್ದೇ ಇರೋ ಪುಸ್ತಕ ಯಾವುದಾದ್ರೂ ಇದ್ಯಾ ಮಿಸ್? ಇದ್ರೆ ಅದನ್ನೇ ತಗೊಳ್ಳೋಣ."

ಅವಳ ಬೆರಳು ಒಂದು ಸಾಲಿನ ಮೇಲಿತ್ತು. 'ನಿಮ್ಮ ಪಕ್ಕದಲ್ಲಿ ಕುಳಿತ ಗೆಳತಿಯೊಂದಿಗೆ ಚರ್ಚಿಸಿ ಉತ್ತರ ಬರೆಯಿರಿ' ಎಂದು ಇಂಗ್ಲಿಷಿನಲ್ಲಿ ಬರೆದಿತ್ತು.

"ಅದನ್ನ ನಾವು ಯಾವಾಗಲೂ ಬಿಟ್ಟುಬಿಡ್ತೀವಲ್ಲ," ಎಂದಳು ಸಿಂಧು.

"ಹೌದು ಮಿಸ್. ಆದ್ರೆ ಬಿಡ್ಬೇಕು ಅಂದ್ರೂ ಅದನ್ನ ಓದ್ಬೇಕಲ್ವಾ?"

ಫ್ಯಾನು ಆರಿಸಲೇ ಎಂದು ಕೇಳುವಷ್ಟು ಸಲೀಸಾಗಿ ಕೇಳಿದ್ದಳು ಹುಡುಗಿ. ಅಳು ಇರಲಿಲ್ಲ, ದೂರು ಇರಲಿಲ್ಲ. ಸಿಂಧು ಮೂರೂ ಪಠ್ಯಗಳನ್ನು ಮೊದಲಿಂದ ತಿರುವಿದಳು. ಒಂದರಲ್ಲಿ ಗೆಳತಿ ಎಂದಿತ್ತು, ಇನ್ನೊಂದರಲ್ಲಿ ಗುಂಪು ಎಂದಿತ್ತು. ಮನೆಯಲ್ಲಿ ಕಲಿಯುವವರಿಗೆಂದೇ ಮಾಡಿದ ಆ ಪೆಟ್ಟಿಗೆಯ ವಿಡಿಯೊದಲ್ಲೂ ಒಬ್ಬ ಹುಡುಗ ನಗುತ್ತಾ, ಈಗ ನಿಮ್ಮ ಸ್ನೇಹಿತರಿಗೆ ಇದನ್ನು ಹೇಳಿ ಎಂದು ಕೈ ಬೀಸುತ್ತಿದ್ದ. ಇಷ್ಟು ವರ್ಷ ಪಾಠ ಹೇಳಿದವಳು ಅವಳೇ, ಆ ಪ್ರಶ್ನೆಗಳಿಗೆ ಅಡ್ಡಗೆರೆ ಎಳೆದವಳೂ ಅವಳೇ. ಮಗು ಹೆದರುತ್ತದೆ ಎಂದು ಎಳೆದಳೋ, ಮಗು ತನ್ನ ಕೈ ತಪ್ಪುತ್ತದೆ ಎಂದು ಎಳೆದಳೋ, ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವುದೂ ಸುಲಭವೇ ತಾನೆ?

"ಸ್ಕೂಲಿಗೆ ಹೋಗ್ತೀಯಾ?" ಎಂದು ಕೇಳಿದಳು. ತನ್ನ ದನಿ ತನಗೇ ಪಕ್ಕದ ಮನೆಯಿಂದ ಬಂದಂತೆ ಕೇಳಿಸಿತು.

ರಕ್ಷಿತಾ ಪೆನ್ಸಿಲಿನ ತುದಿಯನ್ನು ಮೇಜಿಗೆ ಒತ್ತಿದಳು.

"ನಾನು ಹೋದ್ರೆ ನೀವು ಮನೇಲೇ ಇರ್ತೀರಾ?"

"ಇರ್ತೀನಿ."

"ವಾಪಸ್ ಬಂದಾಗ್ಲೂ?"

"ಬಾಗಿಲು ನಾನೇ ತೆಗೀತೀನಿ."

ಆ ಸಂಜೆ ಸಿಂಧು ವಿಷಯ ತೆಗೆದಾಗ ಮುನಿಯಮ್ಮ ಸೊಪ್ಪು ಬಿಡಿಸುತ್ತಿದ್ದರು. ಮೊದಲು ಕೈ ನಿಂತಿತು, ಆಮೇಲೆ ಬಾಯಿ ಶುರುವಾಯಿತು.

"ಸ್ಕೂಲಾ? ಆ ಗೇಟ್ ಮುಂದೆ ಮಗು ಬಿದ್ದು ಹೊರಳಾಡಿದ್ದು ಮರ್ತೋಯ್ತಾ ನಿಂಗೆ?"

"ಈಗ ದೊಡ್ಡವಳಾಗಿದಾಳೆ ಅತ್ತೆ. ಅವಳಿಗೆ ಮಾತಾಡೋಕೆ ಅವಳ ವಯಸ್ಸಿನೋರು ಯಾರೂ ಇಲ್ಲ."

"ನಾನಿಲ್ವಾ? ಅವಳಪ್ಪ ಇಲ್ವಾ? ಇಷ್ಟು ದಿನ ಬಾಯಿ ಮುಚ್ಕೊಂಡು ಪಾಠ ಹೇಳ್ದೋಳಿಗೆ ಈಗೇನು ಬಂತು? ನಿಂಗೆ ಬೇಜಾರಾಗಿದ್ರೆ ಹಂಗಂತ ಹೇಳು. ಲೋ, ಕೇಳುಸ್ತೇನೋ? ನಿನ್ನ ಹೆಂಡ್ತಿಗೆ ನಿನ್ನ ಮಗಳು ಸಾಕಾಗಿದಾಳಂತೆ."

ಶ್ರೀನಾಥ ಲ್ಯಾಪ್‌ಟಾಪು ಮುಚ್ಚಿದ. "ಅಮ್ಮ, ಅವಳು ಹಾಗಂದ್ಲಾ?"

"ಅಂದಂಗೇ ಆಯ್ತು. ನನ್ನ ಅಣ್ಣ ಮಗಳನ್ನ ನನ್ನ ಕೈಗೆ ಕೊಟ್ಟ, ಅವಳನ್ನ ಉಳಿಸ್ಕೊಳ್ಳೋಕಾಗ್ಲಿಲ್ಲ ನಂಗೆ... ಅವಳ ಮಗೂನಾದ್ರೂ ಕಣ್ಮುಂದೆ ಇಟ್ಕೊಂಡಿದೀನಿ. ಆ ಮಗೂನ ಸ್ಕೂಲಿಗೆ ಕಳಿಸೋ ಹಂಗಿದ್ರೆ ನನ್ನನ್ನ ಕಾತ್ರಜಕ್ಕೆ ಕರ್ಕೊಂಡೋಗಿ ಊರ ಬಸ್ಸು ಹತ್ತಿಸ್ಬಿಡಿ. ನಾನಿಲ್ಲಿದ್ದೇನು ಮಾಡ್ಲಿ?"

ಮುನಿಯಮ್ಮ ಕಣ್ಣೊರೆಸಿಕೊಂಡು ಸೊಸೆಯತ್ತ ತಿರುಗಿದರು. ಈ ಸಲ ದನಿ ತಗ್ಗಿತ್ತು.

"ಪುಟ್ಟಿ ಸ್ಕೂಲಿಗೆ ಹೋದ್ರೆ ಅಲ್ಲಿ ಅವಳಿಗೆ ಹತ್ತು ಜನ ಮಿಸ್ ಸಿಗ್ತಾರೆ. ನೀನು ಅವಳಿಗೆ ಏನಾಗ್ತೀಯ, ಯೋಚನೆ ಮಾಡಿದೀಯಾ?"

"ಮಾಡಿದೀನಿ ಅತ್ತೆ."

"ಏನಾಗ್ತೀಯ?"

"ಏನೂ ಆಗಲ್ಲ."

ಅಷ್ಟು ತಣ್ಣಗೆ ಹೇಳಿದಳು ಸಿಂಧು. ಮುನಿಯಮ್ಮ ಜಗಳಕ್ಕೆ ಸಿದ್ಧವಾಗಿದ್ದರು, ಅಳುವಿಗೂ ಸಿದ್ಧವಾಗಿದ್ದರು, ಈ ಉತ್ತರಕ್ಕೆ ಸಿದ್ಧವಾಗಿರಲಿಲ್ಲ. ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಶ್ರೀನಾಥ ಅತ್ತ ಒಮ್ಮೆ ನೋಡಿ, "ಕಳಿಸೋಣ ಸಿಂಧು," ಎಂದ. ವರ್ಷಗಳ ನಂತರ ಅವನು ಒಂದು ವಿಷಯಕ್ಕೆ ಹೂಂ ಅಂದಿದ್ದ. ಅವಳಿಗೆ ಸಂತೋಷವಾಗಬೇಕಿತ್ತು. ಏನೂ ಆಗಲಿಲ್ಲ.

ಹತ್ತಿರದ ಶಾಲೆಯವರು ಒಂದು ಚಿಕ್ಕ ಪರೀಕ್ಷೆ ಮಾಡಿ ಹುಡುಗಿಯನ್ನು ಆರಕ್ಕೆ ಸೇರಿಸಿಕೊಂಡರು. ಜೂನಿನಲ್ಲಿ ಶಾಲೆ ತೆರೆಯಿತು. ಮೊದಲ ದಿನ ರಕ್ಷಿತಾ ಗೇಟಿನ ಹತ್ತಿರ ನಿಂತು ಬೆವರಿದಳು, ಸಿಂಧುವಿನ ಕೈ ಬಿಗಿಯಾಗಿ ಹಿಡಿದಳು, ಆಮೇಲೆ ತಾನಾಗಿಯೇ ಬಿಟ್ಟು ಒಳಗೆ ಹೋದಳು. ಸಾಯಂಕಾಲ ಬಾಗಿಲು ತೆಗೆದವಳು ಸಿಂಧುವೇ. ಹುಡುಗಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇದ್ದಾಳೆ ಎಂದು ಖಾತ್ರಿ ಮಾಡಿಕೊಂಡು, ಬ್ಯಾಗು ಬಿಸಾಡಿ ಅಜ್ಜಿಯ ಕೋಣೆಗೆ ಓಡಿದಳು.

ಕಾತ್ರಜದ ಬಸ್ಸನ್ನು ಮುನಿಯಮ್ಮ ಹತ್ತಲಿಲ್ಲ, ಬಿಡಿ. ಹತ್ತುವವರು ಹಾಗೆ ಹೇಳುತ್ತಲೂ ಇರಲಿಲ್ಲ. ಆದರೆ ಹತ್ತು ಜನ ಮಿಸ್ ಸಿಗುತ್ತಾರೆ ಎಂದು ಅವರು ಹೇಳಿದ್ದು ಮಾತ್ರ ಅಕ್ಷರಶಃ ಆಯಿತು. ನಮ್ಮ ಮ್ಯಾಥ್ಸ್ ಮಿಸ್ ಹಿಂಗಂದ್ರು, ಮರಾಠಿ ಮಿಸ್ ಹಂಗಂದ್ರು ಎಂದು ರಕ್ಷಿತಾ ಸಂಜೆಯಿಡೀ ಹೇಳುವಳು. ಮನೆಯಲ್ಲಿದ್ದ ಮಿಸ್ಸಿಗೆ ಮಾತ್ರ ಹೆಸರಿಲ್ಲದಂತಾಯಿತು. ಏನಾದರೂ ಬೇಕಾದರೆ ಹತ್ತಿರ ಬಂದು ನಿಲ್ಲುವಳು, ಸಿಂಧು ತಿರುಗಿ ನೋಡುವ ತನಕ ಕಾಯುವಳು. ಬೆಳಗಿನ ಹೊತ್ತು ಸಿಂಧು ಆ ಖಾಲಿ ಮೇಜನ್ನು ಒರೆಸುವಳು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸುವಳು. ನೋವು ಎಂದು ಕೂಡ ಅವಳಿಗೆ ಅನ್ನಿಸುತ್ತಿರಲಿಲ್ಲ. ಕಾಲು ಜೋಮು ಹಿಡಿದಾಗ ಅದು ನಮ್ಮ ಕಾಲೇ ಅಲ್ಲ ಅನ್ನಿಸುತ್ತದಲ್ಲ, ಹಾಗೆ ಅವಳ ಬದುಕು ಅವಳದ್ದು ಅನ್ನಿಸುತ್ತಿರಲಿಲ್ಲ.

ಗಣಪತಿ ಹಬ್ಬದ ರಜೆಗೆ ಮುಂಚೆ ಶಾಲೆಯಲ್ಲಿ ಪೋಷಕರ ಸಭೆಯಿತ್ತು. ಶ್ರೀನಾಥನಿಗೆ ಮೀಟಿಂಗು, ಸಿಂಧು ಹೋದಳು. ಕ್ಲಾಸ್ ಟೀಚರ್ ನಗುತ್ತಾ, "ತುಮ್ಹಿ ಆಯಿ ಕಾ?" ಎಂದು, ತಾಯಿಯೇ ಎಂದು ಮರಾಠಿಯಲ್ಲಿ ಕೇಳಿದರು. ಸಿಂಧು ಬಾಯಿ ತೆರೆಯುವುದಕ್ಕೆ ಮುಂಚೆಯೇ ಪಕ್ಕದಲ್ಲಿದ್ದ ರಕ್ಷಿತಾ, "ನಾಹಿ, ಹೋಮ್ ಮಿಸ್ ಆಹೇತ್," ಎಂದಳು, ಅಲ್ಲ, ಮನೆಯ ಮಿಸ್ ಎಂದು. ಸುಳ್ಳೇನಲ್ಲ. ಅವಳಿಗೆ ಗೊತ್ತಿದ್ದ ನಿಜ ಅಷ್ಟೇ.

ಟೀಚರ್ ಮುಖದ ನಗು ಸ್ವಲ್ಪ ಬದಲಾಯಿತು. ತಂದೆಯೋ ತಾಯಿಯೋ ಬಂದರೆ ಒಳ್ಳೆಯದಿತ್ತು ಎಂದರು. "ಹೋ, ಸಾಂಗತೇ," ಎಂದು, ಹೇಳುತ್ತೇನೆ ಎಂದು ಸಿಂಧು ಹೊರಗೆ ಬಂದಳು. ಕಾರಿಡಾರಿನಲ್ಲಿ ನಿಂತು ಶ್ರೀನಾಥನಿಗೆ ಫೋನ್ ಮಾಡಿ, ಒಂದು ಗಳಿಗೆ ಬಂದು ಹೋಗಿ ರೀ ಎಂದಳು. ಒಳಗೆ ರಕ್ಷಿತಾಳ ಜೊತೆ ಅವಳದೇ ಎತ್ತರದ ಹುಡುಗಿಯೊಬ್ಬಳು, ಪಕ್ಕದಲ್ಲಿ ಕೂರುವ ಮೃಣ್ಮಯಿ, ಕಿವಿಯಲ್ಲಿ ಏನೋ ಕೇಳುತ್ತಿದ್ದಳು. ಇಬ್ಬರೂ ಒಮ್ಮೆ ಸಿಂಧುವಿನತ್ತ ನೋಡಿದರು. ಸಿಂಧು ದೃಷ್ಟಿ ತಪ್ಪಿಸಿದಳು.

ಅಂದು ರಾತ್ರಿ ಊಟಕ್ಕೆ ಎಲ್ಲರೂ ಕೂತಿದ್ದರು. ಸಿಂಧು ಎಂದಿನಂತೆ ನಿಂತು ಬಡಿಸುತ್ತಿದ್ದಳು. ರಕ್ಷಿತಾ ಅನ್ನ ಕಲಸುತ್ತಾ ತಲೆಯೆತ್ತದೆ ಅಂದಳು:

"ನೀನೂ ಕೂತ್ಕೋ. ಸಾರು ಆರಿಹೋಗುತ್ತೆ."

ಮುನಿಯಮ್ಮನ ತುತ್ತು ಅರ್ಧಕ್ಕೆ ನಿಂತಿತು. "ಏನೇ ಪುಟ್ಟಿ, ಮಿಸ್‌ನ ಹಿಂಗಾ ಮಾತಾಡ್ಸೋದು? ನೀವು ಅನ್ಬೇಕು. ಸ್ಕೂಲಿಗೆ ಹೋಗಿ ಇದನ್ನಾ ಕಲ್ತಿದ್ದು?"

"ಮೃಣ್ಮಯಿ ಕೇಳಿದ್ಲು ಅಜ್ಜಿ. ನಿಮ್ಮ ಹೋಮ್ ಮಿಸ್ ರಾತ್ರಿ ಎಷ್ಟೊತ್ತಿಗೆ ಅವರ ಮನೆಗೆ ಹೋಗ್ತಾರೆ ಅಂತ. ಹೋಗಲ್ಲ, ಇದೇ ಮನೆ ಅಂದೆ. ಜ್ವರ ಬಂದಾಗ ಯಾರು ಪಕ್ಕದಲ್ಲಿ ಮಲಗ್ತಾರೆ ಅಂದ್ಲು. ಅವರೇ ಅಂದೆ. ಹಾಗಿದ್ರೆ ಅವರು ಮಿಸ್ ಹೆಂಗಾಗ್ತಾರೆ ಅಂದ್ಲು." ರಕ್ಷಿತಾ ಒಂದು ತುತ್ತು ತಿಂದು ನುಂಗಿದಳು. "ಮಿಸ್‌ಗಳು ಇರೋದು ಸ್ಕೂಲಲ್ಲಿ ಅಜ್ಜಿ. ಇವಳು ಮನೇಲಿರ್ತಾಳೆ."

ಮುನಿಯಮ್ಮ ಗೋಡೆಯ ಮೇಲಿನ ಕುಶಲಳ ಫೋಟೋ ಕಡೆ ನೋಡಿದರು, ಮೊಮ್ಮಗಳ ಕಡೆ ನೋಡಿದರು. ಕೊನೆಗೆ ತಮ್ಮ ಪಕ್ಕದ ಖಾಲಿ ಕುರ್ಚಿಯನ್ನು ಎಡಗೈಯಿಂದ ಹಿಂದಕ್ಕೆ ಎಳೆದರು.

"ಕೂತ್ಕೊಳ್ಳಮ್ಮ," ಎಂದರು. "ಮಗು ಕರೀತಿದೆ."

ಸಿಂಧು ಕೂತಳು. ಅನ್ನ ಬಡಿಸಿಕೊಂಡಳು. ಮೊದಲ ತುತ್ತು ಬಾಯಿಗಿಟ್ಟುಕೊಂಡಾಗ ಸಾರು ನಾಲಿಗೆಗೆ ಚುರುಕ್ಕೆಂದಿತು. ಖಾರ ಜಾಸ್ತಿಯಾಗಿದೆ ಎಂದು ಗೊತ್ತಾಯಿತು. ಎಷ್ಟೋ ದಿನಗಳಿಂದ ಅವಳಿಗೆ ಉಪ್ಪು ಖಾರ ಏನೂ ಗೊತ್ತಾಗುತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದು ಎಲ್ಲರೂ ಅಂದುಕೊಂಡರು. ರಕ್ಷಿತಾ ನೀರಿನ ಲೋಟವನ್ನು ಅವಳತ್ತ ಸರಿಸಿದಳು.